ಔಷಧಕ್ಕೊಂದು ವಾಹನ

ಕ್ಯಾನ್ಸರಿನ ಔಷಧಗಳಿಗೆ ಶತ್ರು ಯಾರು, ಮಿತ್ರ ಯಾರು ಎಂಬ ಭೇದವಿಲ್ಲ. ಡಾಕ್ಸೊರುಬಿಸಿನ್ ಎಂಬ ಕೆಂಪು ಔಷಧವು ರೋಗದ ಕೋಶಗಳನ್ನು ಕೊಲ್ಲುತ್ತದೆ. ರಕ್ತದೊಡನೆ ಸಂಚರಿಸಿ ಹೃದಯದ ಸ್ನಾಯುವನ್ನೂ ನೋಯಿಸುತ್ತದೆ. ಆದ್ದರಿಂದ ಜೀವಮಾನಕ್ಕೆ ಇಷ್ಟೇ ಎಂಬ ಮಿತಿಯುಂಟು. ಹಲಸೂರಿನಲ್ಲಿರುವ ನಮ್ಮ ಅಕ್ಕನವರಿಗೆ ಸ್ತನ ಕ್ಯಾನ್ಸರ್ ಮರುಕಳಿಸಿದಾಗ ಅವರು ಆ ಮಿತಿಯನ್ನು ಸಮೀಪಿಸಿದ್ದರು.

ವೈದ್ಯರು ಅದೇ ಔಷಧವನ್ನು ಕೊಬ್ಬಿನ ಸೂಕ್ಷ್ಮ ಗುಳ್ಳೆಗಳಲ್ಲಿ ತುಂಬಿ ಕೊಡಲು ನಿಶ್ಚಯಿಸಿದರು. ಸುಮಾರು 100 ನ್ಯಾನೋಮೀಟರ್, ಎಂದರೆ ಕೂದಲ ದಪ್ಪದ ಸಾವಿರದಲ್ಲೊಂದು ಪಾಲಿನಷ್ಟಿರುವ ಈ ಲೈಪೋಸೋಮ್ ರೂಪಕ್ಕೆ ಅಮೆರಿಕವು 1995ರಲ್ಲಿ ಅನುಮತಿಯಿತ್ತಿತು. ಗಂಟಿನ ರಕ್ತನಾಳಗಳು ಸಡಿಲವಾದುದರಿಂದ ಅದು ಅಲ್ಲಿ ಹೊರನುಸುಳುತ್ತದೆ. ಹೃದಯದ ಬಿಗಿಯಾದ ನಾಳಗಳಿಂದ ಅಷ್ಟಾಗಿ ನುಸುಳದು. ಶಿವಾಜಿನಗರದಿಂದ ಅದನ್ನು ತಣ್ಣನೆಯ ಪೆಟ್ಟಿಗೆಯಲ್ಲಿರಿಸಿ ತರುತ್ತಿದ್ದೆವು. ಅಕ್ಕನವರ ಅಂಗೈ ಅಂಗಾಲುಗಳ ಚರ್ಮ ಸುಲಿಯಿತು, ಹೃದಯ ತಡೆದುಕೊಂಡಿತು. ಗಂಟಿನ ಬೆಳವಣಿಗೆ ಸದ್ಯಕ್ಕೆ ನಿಂತಿದೆ.

ನಮ್ಮ ಜೀವಕೋಶಗಳೂ ಇಂಥ ಗುಳ್ಳೆಗಳನ್ನು ಹೊರಬಿಟ್ಟು ಪರಸ್ಪರ ಸಂದೇಶ ಕಳುಹಿಸುತ್ತವೆ. ಎಕ್ಸೊಸೋಮ್ ಎಂಬ ಅವುಗಳ ಗಾತ್ರ ಸುಮಾರು 30ರಿಂದ 150 ನ್ಯಾನೋಮೀಟರ್. ದೇಹದ್ದೇ ಆದ ಈ ವಾಹನದಲ್ಲಿ ಔಷಧ ತುಂಬಿದರೆ ದೇಹವು ಅದನ್ನು ಪರಕೀಯವೆಂದು ತಳ್ಳಲಾರದೆಂಬುದು ವಿಜ್ಞಾನಿಗಳ ಆಶಯ. ನಮ್ಮ ಭಾರತೀಯ ವಿಜ್ಞಾನ ಸಂಸ್ಥೆಯವರು 2023ರಲ್ಲಿ ಚಿನ್ನ ಮತ್ತು ತಾಮ್ರದ ಸಲ್ಫೈಡಿನ ಸೂಕ್ಷ್ಮ ಕಣಗಳನ್ನು ಬೆಳಕಿನಿಂದ ಕಾಯಿಸಿ, ಪ್ರಯೋಗಾಲಯದಲ್ಲಿ ಕ್ಯಾನ್ಸರ್ ಕೋಶಗಳನ್ನು ಕೊಂದು ತೋರಿಸಿದರು. ಇವೆರಡೂ ಇನ್ನೂ ಪರೀಕ್ಷೆಯ ಹಂತದಲ್ಲಿವೆ. ಎಕ್ಸೊಸೋಮಿನಿಂದ ಕ್ಯಾನ್ಸರ್ ವಾಸಿಮಾಡುವೆವೆಂದು ಹಣ ಕೇಳುವವರನ್ನು ನಂಬಬಾರದು.

ಮನೆಯಲ್ಲಿ ರೋಗಿಗಳಿರುವ ಬಂಧುಗಳು ಒಂದನ್ನು ಮರೆಯದಿರಲಿ: ಯಾವ ಔಷಧ, ಎಷ್ಟು ಪ್ರಮಾಣದಲ್ಲಿ ದೇಹಕ್ಕೆ ಸೇರಿದೆ ಎಂಬ ಲೆಕ್ಕವನ್ನು ಬರೆದಿಡಿ. ಮುಂದಿನ ದಾರಿಯನ್ನು ವೈದ್ಯರು ಆ ಲೆಕ್ಕದಿಂದಲೇ ಆರಿಸುತ್ತಾರೆ.