ಕೇಳಿಸುವಷ್ಟು ಹತ್ತಿರ

ದೀಪಾವಳಿ ಕಳೆದು ಯಕ್ಷಗಾನ ಮೇಳಗಳು ತಿರುಗಾಟಕ್ಕೆ ಹೊರಟವೆಂದರೆ ನಮ್ಮ ಕಡೆ ರಾತ್ರಿಯ ಲೆಕ್ಕವೇ ಬೇರೆ. ಮಂದಾರ್ತಿಯದ್ದೇ ಐದು ಮೇಳ, ಮಾರಣಕಟ್ಟೆಯದ್ದು ಮೂರು. ಜೊತೆಗೆ ಸಾಲಿಗ್ರಾಮ, ಪೆರ್ಡೂರು, ಕಮಲಶಿಲೆ, ಸೌಕೂರು. ಇವತ್ತು ಯಾರದೋ ಮನೆಯ ಗದ್ದೆ, ನಾಳೆ ಯಾವುದೋ ದೇವಸ್ಥಾನದ ಎದುರಿನ ಬಯಲು. ಸಂಜೆ ಸಾಮಾನು ಇಳಿಸಬೇಕು, ರಾತ್ರಿ ಆಟ ಮುಗಿಸಬೇಕು, ಮತ್ತೆ ಗಂಟು ಕಟ್ಟಿ ಮುಂದಿನ ಊರಿಗೆ ಹೊರಡಬೇಕು. ಮೇ ತಿಂಗಳಲ್ಲಿ ತಿರುಗಾಟ ಮುಗಿಸುವ ಪತ್ತನಾಜೆ ಬರುವವರೆಗೆ ಇದೇ ದಿನಚರಿ. ಕಚೇರಿಯ ಕಣ್ಣಿನಿಂದ ನೋಡಿದರೆ ಇದು ದಿನವೂ ವರ್ಗಾವಣೆ ಇರುವ ರಾತ್ರಿ ಪಾಳಿಯ ಕೆಲಸ. ಇಷ್ಟು ದಣಿಸುವ ಕೆಲಸದಲ್ಲಿ ಜನ ಮುಖ ಗಂಟಿಕ್ಕಿಕೊಂಡೇ ಇರಬೇಕಿತ್ತು. ಆದರೆ ಕಲಾವಿದರು ಬಣ್ಣ ಹಚ್ಚಿಕೊಳ್ಳುವ ಚೌಕಿಯ ಹತ್ತಿರ ಹೋಗಿ ನಿಂತರೆ ಮೊದಲು ಕಿವಿಗೆ ಬೀಳುವುದು ನಗು.

ಬೆಂಗಳೂರಿನಲ್ಲಿ ನನ್ನ ಹೊಟ್ಟೆಪಾಡು ಕಂಪನಿಗಳ ತಂಡನಾಯಕರಿಗೆ ತರಬೇತಿ ಕೊಡುವುದು. ನೌಕರರು ಕೆಲಸದಲ್ಲಿ ಮನಸ್ಸಿಟ್ಟು ತೊಡಗುವಂತೆ ಮಾಡುವುದು ಹೇಗೆ ಎಂದು ಅವರು ಕೇಳುತ್ತಲೇ ಇರುತ್ತಾರೆ. ನಾಯಕತ್ವ, ಸಂವಹನ, ನಗುನಗುತ್ತಿರುವ ವಾತಾವರಣ ಎಂಬ ಮೂರು ಮಾತು ಪ್ರತಿ ಸಭೆಯಲ್ಲೂ ಬರುತ್ತದೆ. ಈ ಮೂರೂ ಒಟ್ಟಿಗೆ ಇರುವುದನ್ನು ನಾನು ಕಣ್ಣಾರೆ ಕಂಡದ್ದು ನಮ್ಮೂರಿನ ಚೌಕಿಯಲ್ಲಿ. ಅದನ್ನು ಬಿಡಿಸಿ ಹೇಳಬೇಕೆಂಬ ಆಸೆ ಬಹುಕಾಲದ್ದು.

ಉಡುಪಿಯಿಂದ ಹೊರಟು ಬ್ರಹ್ಮಾವರ ದಾಟಿ ಮಾಬುಕಳ ಸೇತುವೆ ಕಳೆದು ಪಡುವಣಕ್ಕೆ ತಿರುಗಿದರೆ ನಮ್ಮೂರು ಹಂಗಾರಕಟ್ಟೆ ಸಿಗುತ್ತದೆ. ಸೀತಾನದಿ ಇಲ್ಲಿ ಅಗಲವಾಗಿ ಹರಡಿ, ಕೋಡಿಬೆಂಗ್ರೆಯ ಹತ್ತಿರ ಸ್ವರ್ಣೆಯನ್ನು ಕೂಡಿಕೊಂಡು ಕಡಲಿಗಿಳಿಯುತ್ತದೆ. ರಾಜ್ಯದ ಕಿರು ಬಂದರುಗಳ ಪಟ್ಟಿಯಲ್ಲಿ ಈ ಊರಿನ ಹೆಸರಿದೆ. ದೋಣಿ ಕಟ್ಟುವ, ಹಡಗು ಕಟ್ಟುವ ಕೆಲಸವೂ ಈ ನದೀಮುಖಕ್ಕೆ ಹೊಸದಲ್ಲ. ಐರೋಡಿ-ಹಂಗಾರಕಟ್ಟೆಯ ಯಕ್ಷಗಾನ ಕಲಾಕೇಂದ್ರ ದಶಕಗಳಿಂದ ಮಕ್ಕಳಿಗೆ ಹೆಜ್ಜೆ ಕಲಿಸುತ್ತಿದೆ. ಬಡಗುತಿಟ್ಟು ಯಕ್ಷಗಾನದ ಎರಡು ದೊಡ್ಡ ಶೈಲಿಗಳಿಗೆ ಹೆಸರು ಕೊಟ್ಟ ಹಾರಾಡಿ ಮತ್ತು ಮಟಪಾಡಿ ಇಲ್ಲೇ ನೆರೆಯಲ್ಲಿವೆ. ಒಂದು ತಲೆಮಾರಿನ ಪ್ರೇಕ್ಷಕರನ್ನು ತಮ್ಮ ಕಂಠದಿಂದ ಹಿಡಿದಿಟ್ಟು, 1990ರಲ್ಲಿ ಮೂವತ್ತೆರಡು ತುಂಬುವ ಮೊದಲೇ ಅಪಘಾತದಲ್ಲಿ ತೀರಿಕೊಂಡ ಭಾಗವತ ಕಾಳಿಂಗ ನಾವಡರ ಗುಂಡ್ಮಿಯೂ ದೂರವಲ್ಲ. ಹೀಗಾಗಿ ಇಲ್ಲಿ ಬೆಳೆದ ಮಕ್ಕಳಿಗೆ ಮೇಳ ಎಂದರೆ ಬರೀ ಮನರಂಜನೆಯಲ್ಲ. ಹತ್ತಾರು ಜನ ಕೂಡಿ ಒಂದು ಕೆಲಸ ಮಾಡುವುದು ಹೇಗೆ ಎಂಬುದನ್ನು ನಾವು ಮೊದಲು ನೋಡಿದ್ದೇ ಅಲ್ಲಿ.

ಒಂದು ರಾತ್ರಿಯದು ಹೇಳುತ್ತೇನೆ. ಕರ್ಣಾರ್ಜುನದ ಪ್ರಸಂಗ. ಚೌಕಿಯಲ್ಲಿ ಗಣಪತಿಗೆ ದೀಪ ಹಚ್ಚಿಟ್ಟಿದ್ದರು. ಎರಡೂ ಬದಿಗೆ ಪೆಟ್ಟಿಗೆಗಳ ಸಾಲು, ಪ್ರತಿ ಪೆಟ್ಟಿಗೆಯ ಎದುರು ಒಂದೊಂದು ಕನ್ನಡಿ. ಸಪೇತ, ಇಂಗಲೀಕ, ಕಾಡಿಗೆ ಎಂಬ ಮುಖದ ಬಣ್ಣಗಳು ಕೈಯಿಂದ ಕೈಗೆ ಓಡಾಡುತ್ತಿದ್ದವು. ಕರ್ಣನ ಮಗ ವೃಷಸೇನನ ವೇಷಕ್ಕೆ ಕೂತಿದ್ದವನು ತಿರುಗಾಟಕ್ಕೆ ಹೊಸಬ. ಬಣ್ಣ ಮುಗಿದರೂ ಅವನ ಕೈ ನಡುಗುತ್ತಿತ್ತು. ಕರ್ಣನ ವೇಷದ ಹಿರಿಯರು ತಮ್ಮ ಮುಂಡಾಸು ಅರ್ಧಕ್ಕೇ ಬಿಟ್ಟು ಎದ್ದು ಬಂದು, ಹುಡುಗನ ತಲೆಗೆ ಕಟ್ಟುವ ಕೇದಗೆ ಮುಂದಲೆಯ ದಾರವನ್ನು ತಾವೇ ಬಿಗಿದರು. ಅಷ್ಟರಲ್ಲಿ ಪದ್ಯ ಹಾಡಿ ಆಟ ನಡೆಸುವ ಭಾಗವತರು ಒಳಗೆ ಬಂದರು. ಯಾವ ಪದ್ಯ ಇದೆ, ಯಾವುದು ಬಿಟ್ಟಿದೆ, ಎಲ್ಲಿ ಕುಣಿತ, ಎಲ್ಲಿ ಮಾತು ಎಂಬುದನ್ನು ಒಬ್ಬೊಬ್ಬರ ಹತ್ತಿರ ನಿಂತು ಹೇಳಿದರು. ಹುಡುಗನ ಬಳಿ ಬಂದಾಗ ದನಿ ತಗ್ಗಿಸಿ, "ಹೆದ್ರ್‌ಬೇಡ ಮಗ, ಪದ್ಯ ನಾ ಹೇಳ್ತೆ, ನೀ ಕುಣಿ" ಎಂದರು. ಅವನು "ಆಯ್ತ್ ಭಾಗ್ವತ್ರೆ" ಎಂದ. ಇಷ್ಟೇ ಮಾತುಕತೆ. ನಡುಕ ಪೂರ್ತಿ ನಿಲ್ಲಲಿಲ್ಲ, ಆದರೆ ಹುಡುಗ ಬೆನ್ನು ನೆಟ್ಟಗೆ ಮಾಡಿ ಕೂತ.

ರಂಗದ ಮೇಲೆ ಅವನಿಗೆ ಮಾತು ತಪ್ಪಿತು. ಯಕ್ಷಗಾನದಲ್ಲಿ ಬರೆದಿಟ್ಟ ಸಂಭಾಷಣೆ ಇಲ್ಲ. ಪದ್ಯ ಮಾತ್ರ ಪ್ರಸಂಗದ್ದು, ಮಾತು ಕಲಾವಿದ ಅಲ್ಲಿಯೇ ಕಟ್ಟಿಕೊಳ್ಳಬೇಕಾದದ್ದು. ಹುಡುಗ ಬಾಯಿ ತೆರೆದವನು ಹಾಗೇ ನಿಂತ. ಆಗ ಕರ್ಣನೇ ಕೇಳಿದ: "ಅಪ್ಪ ರಣದಲ್ಲಿರುವಾಗ ಪಾಳೆಯದಲ್ಲಿ ಕೂತಿರುವ ಮಗನೇನಯ್ಯ ನೀನು?" ಪ್ರಶ್ನೆಯೊಳಗೇ ಉತ್ತರವಿತ್ತು. ಹುಡುಗ ಅದನ್ನು ಹಿಡಿದುಕೊಂಡು ನಾಲ್ಕು ಮಾತು ಗಟ್ಟಿಯಾಗಿ ಆಡಿದ. ಐದನೆಯದಕ್ಕೆ ಅವನು ತಡಕಾಡುವ ಮೊದಲೇ ಭಾಗವತರು ಮುಂದಿನ ಪದ್ಯ ಎತ್ತಿದರು, ಚಂಡೆ ಸೇರಿತು, ಹುಡುಗ ಕುಣಿತಕ್ಕೆ ಬಿದ್ದ. ಸಭೆಯಲ್ಲಿ ಕೂತವರಲ್ಲಿ ಹೆಚ್ಚಿನವರಿಗೆ ಏನಾಯಿತೆಂದು ಗೊತ್ತೇ ಆಗಲಿಲ್ಲ. ಆಟ ಮುಗಿದ ಮೇಲೆ ಎಲ್ಲಿ ತಪ್ಪಿತು, ಅಲ್ಲಿ ಏನು ಹೇಳಬಹುದಿತ್ತು ಎಂದು ಕರ್ಣ ವೇಷದವರು ಬಣ್ಣ ತೆಗೆಯುತ್ತಲೇ ಅವನಿಗೆ ತಿದ್ದಿ ಹೇಳಿದರು. ಹತ್ತು ಜನರ ಎದುರು ಗದರಲಿಲ್ಲ, ಸುಮ್ಮನೆ ಬಿಟ್ಟುಬಿಡಲೂ ಇಲ್ಲ.

ನಾಯಕತ್ವದ ಬಗ್ಗೆ ನನಗೆ ತಿಳಿದದ್ದೆಲ್ಲ ಈ ಒಂದು ರಾತ್ರಿಯಲ್ಲಿದೆ. ಮೇಳದಲ್ಲಿ ಮೊದಲ ಸ್ಥಾನ ಭಾಗವತರದ್ದು. ಎಷ್ಟೇ ದೊಡ್ಡ ವೇಷಧಾರಿಯಾದರೂ ಅವರ ನಂತರವೇ. ಹಾಗಿದ್ದೂ ಅವರು ರಂಗಸ್ಥಳದ ಹಿಂಭಾಗದಲ್ಲಿ ಕೂರುತ್ತಾರೆ. ಬೆಳಕು, ಚಪ್ಪಾಳೆ ಎಲ್ಲ ಮುಂದೆ ಕುಣಿಯುವವನಿಗೆ. ಕೈಯಲ್ಲಿ ತಾಳ ಹಿಡಿದು ಇಡೀ ರಾತ್ರಿಯ ಗತಿಯನ್ನು ನಡೆಸುವ ಮನುಷ್ಯ ಪ್ರತಿ ಪಾತ್ರಕ್ಕೂ ಕೇಳಿಸುವಷ್ಟು ಹತ್ತಿರ ಇರುತ್ತಾನೆ. ಪ್ರತಿ ಪಾತ್ರದ ಉಸಿರು ಅವನಿಗೂ ಕೇಳಿಸುತ್ತಿರುತ್ತದೆ. ಕುಣಿಯುವವನಿಗೆ ದಣಿವಾದದ್ದು ಅವನ ಕಾಲು ಹೇಳುವ ಮೊದಲೇ ಗೊತ್ತಾಗಿ, ಪದ್ಯ ಮುಗಿಸುವ ಭಾಗವತರನ್ನು ನಾನು ನೋಡಿದ್ದೇನೆ. ಅಧಿಕಾರವನ್ನು ಅವರು ಎತ್ತರದಲ್ಲಿ ಇಡುವುದಿಲ್ಲ, ಹತ್ತಿರದಲ್ಲಿ ಇಡುತ್ತಾರೆ.

ಅಮೆರಿಕದ ವಿದ್ವಾಂಸ ವಿಲಿಯಂ ಕಾನ್ 1990ರಲ್ಲಿ ಒಂದು ಪ್ರಬಂಧ ಬರೆದರು. ಮಕ್ಕಳ ಬೇಸಿಗೆ ಶಿಬಿರವೊಂದರ ಸಿಬ್ಬಂದಿಯನ್ನೂ ಕಟ್ಟಡ ವಿನ್ಯಾಸದ ಸಂಸ್ಥೆಯೊಂದರ ನೌಕರರನ್ನೂ ಹತ್ತಿರದಿಂದ ಗಮನಿಸಿ ಅವರು ಬರೆದದ್ದನ್ನು ಇವತ್ತಿಗೂ ನಮ್ಮ ಕ್ಷೇತ್ರದವರು ಓದುತ್ತಾರೆ. ಮನುಷ್ಯ ತನ್ನನ್ನು ಪೂರ್ತಿಯಾಗಿ ಕೆಲಸಕ್ಕೆ ಒಪ್ಪಿಸಿಕೊಳ್ಳುವ ಮೊದಲು ಒಳಗೊಳಗೇ ಮೂರು ಪ್ರಶ್ನೆ ಕೇಳಿಕೊಳ್ಳುತ್ತಾನೆ ಎಂಬುದು ಅದರ ಸಾರ. ಈ ಕೆಲಸಕ್ಕೆ ಅರ್ಥವಿದೆಯೇ? ಇಲ್ಲಿ ಭಯವಿಲ್ಲದೆ ನಾನು ನಾನಾಗಿರಬಹುದೇ? ಇದಕ್ಕೆ ಬೇಕಾದ ತ್ರಾಣ ನನ್ನಲ್ಲಿ ಉಳಿದಿದೆಯೇ? ಇದನ್ನು ಓದಿದಾಗ ನನಗೆ ವೃಷಸೇನನ ಹುಡುಗ ನೆನಪಾದ. ಅವನ ವೇಷ ಚಿಕ್ಕದು, ಆದರೆ ಅದಿಲ್ಲದೆ ಕರ್ಣನ ದುಃಖಕ್ಕೆ ತೂಕವಿಲ್ಲ. ಅದು ಅವನಿಗೆ ಗೊತ್ತು. ತಪ್ಪಿದರೆ ಎತ್ತಿಕೊಳ್ಳುವವರು ಇಬ್ಬರಿದ್ದಾರೆ, ಅದೂ ಗೊತ್ತು. ಮೂರನೆಯ ಪ್ರಶ್ನೆಗೆ ಮಾತ್ರ ಮೇಳದ ಉತ್ತರ ಅಷ್ಟು ಸಲೀಸಲ್ಲ. ಅದನ್ನು ಆಮೇಲೆ ಹೇಳುತ್ತೇನೆ.

ಸಂವಹನದ ಮಾತಿಗೆ ಬಂದರೆ ಕೋಡಿಬೆಂಗ್ರೆಯ ಮರಳಿಗೆ ಹೋಗಬೇಕು. ಕೈರಂಪಣಿ ಮೀನುಗಾರಿಕೆಯಲ್ಲಿ ದೋಣಿಯೊಂದು ಬಲೆಯನ್ನು ಕಡಲಲ್ಲಿ ಅರ್ಧಚಂದ್ರಾಕಾರವಾಗಿ ಬಿಟ್ಟು ಬರುತ್ತದೆ. ಆಮೇಲೆ ಎರಡು ತುದಿಯ ಹಗ್ಗ ಹಿಡಿದು ದಡದಲ್ಲಿ ಎರಡು ಸಾಲು ಜನ ಎಳೆಯುತ್ತಾರೆ. ಎರಡೂ ಸಾಲು ಸಮನಾಗಿ ಬರದಿದ್ದರೆ ಮೀನು ತಪ್ಪಿಸಿಕೊಳ್ಳುತ್ತದೆ. ಹಾಗಾಗಿ ಕೂಗು ಈ ತುದಿಯಿಂದ ಆ ತುದಿಗೆ ಓಡಾಡುತ್ತಲೇ ಇರುತ್ತದೆ. 1970ರ ದಶಕದ ನಡುವಿನಲ್ಲಿ ಪರ್ಸೀನ್ ಬೋಟುಗಳು ಬಂದ ಮೇಲೆ ದೊಡ್ಡ ರಂಪಣಿ ಕೂಟಗಳು ಕರಗಿದವು. ಉಳಿದಿರುವಲ್ಲಿ ಇವತ್ತಿಗೂ ನೋಡಬೇಕಾದದ್ದು ಬಲೆ ದಡಕ್ಕೆ ಬಂದ ಮೇಲಿನ ಗಳಿಗೆ. ಬಂಗುಡೆ, ಬೂತಾಯಿ ಎಲ್ಲರ ಕಣ್ಣೆದುರೇ ಬುಟ್ಟಿಗೆ ಬೀಳುತ್ತದೆ. ದರ ಎಲ್ಲರ ಕಿವಿಗೂ ಬೀಳುತ್ತದೆ. ಬಲೆಗೆ ಇಷ್ಟು, ದೋಣಿಗೆ ಇಷ್ಟು, ಮೈದುಡಿಮೆಗೆ ಇಷ್ಟು ಎಂಬ ಪಾಲಿನ ಕ್ರಮ ಚಿಕ್ಕ ಮಕ್ಕಳಿಗೂ ಗೊತ್ತು. ದಾರಿಯಲ್ಲಿ ಹೋಗುವವನು ಬಂದು ಹಗ್ಗಕ್ಕೆ ಕೈ ಹಾಕಿದರೆ ಅವನಿಗೂ ಪದಾರ್ಥಕ್ಕೆ ನಾಲ್ಕು ಮೀನು ಸಿಗುತ್ತದೆ. ಬಲೆ ಬರಿದಾಗಿ ಬಂದ ದಿನವೂ ಅಷ್ಟೇ, ಬರಿದಾದದ್ದನ್ನು ಎಲ್ಲರೂ ನೋಡಿರುತ್ತಾರೆ. ಆದ್ದರಿಂದ ಅಲ್ಲಿ ಗುಸುಗುಸು ಹುಟ್ಟಲು ಜಾಗವಿಲ್ಲ.

ಇದಕ್ಕೆ ತದ್ವಿರುದ್ಧವಾಗಿ, ನಾನು ಹಿಂದೆ ದುಡಿದ ಕಚೇರಿಯೊಂದರಲ್ಲಿ ಪ್ರತಿ ಶುಕ್ರವಾರ ಮಧ್ಯಾಹ್ನ ಬಲೂನು ಕಟ್ಟಿ ಆಟ ಆಡಿಸುತ್ತಿದ್ದರು. ಅದೇ ವರ್ಷ ಸಂಬಳ ಏರಿಕೆ ಇಲ್ಲವೆಂಬ ಸುದ್ದಿ ಒಂದು ಸಂಜೆ ಎಲ್ಲರೂ ಮನೆಗೆ ಹೊರಟ ಮೇಲೆ ಇಮೇಲಿನಲ್ಲಿ ಬಂತು. ಯಾಕೆ ಇಲ್ಲ ಎಂದು ಹೇಳಲು ಮಾರನೆಯ ದಿನ ಯಾರೂ ನಮ್ಮ ಮಹಡಿಗೆ ಬರಲಿಲ್ಲ. ಮುಂದಿನ ಶುಕ್ರವಾರ ಮತ್ತೆ ಬಲೂನು ಕಟ್ಟಿದಾಗ ಆಟಕ್ಕೆ ಎದ್ದವರು ಹೊಸದಾಗಿ ಸೇರಿದ ಇಬ್ಬರು ಮಾತ್ರ. ಆ ಜನ ಸೋಮಾರಿಗಳಲ್ಲ, ನಗಲು ಬಾರದವರೂ ಅಲ್ಲ. ಕೆಟ್ಟ ಸುದ್ದಿಯನ್ನು ಎದುರು ನಿಂತು ಹೇಳುವಷ್ಟು ಗೌರವ ತಮಗೆ ಸಿಗಲಿಲ್ಲವೆಂದು ಅವರಿಗೆ ನೋವಾಗಿತ್ತು. ಆ ನೋವು ಆಟದಿಂದ ಹೋಗುವಂಥದ್ದಲ್ಲ.

ಹಾಗೆಂದು ನಗು ಬೇಡವೆಂದು ನಾನು ಹೇಳುವುದಿಲ್ಲ. ಮೇಳದಲ್ಲಿ ಹಾಸ್ಯಗಾರರಿಗೆ ದೊಡ್ಡ ಸ್ಥಾನವಿದೆ. ರಂಗದ ಮೇಲೆ ಅವರು ದೂತನಾಗಿ, ಬ್ರಾಹ್ಮಣನಾಗಿ, ಬಾಗಿಲು ಕಾಯುವವನಾಗಿ ಬಂದು ರಾಜನನ್ನೂ ಪ್ರಶ್ನಿಸುತ್ತಾರೆ. ಚೌಕಿಯಲ್ಲಿ ಅವರ ಮಾತು ಎಲ್ಲರ ದಣಿವು ಇಳಿಸುತ್ತದೆ. ಆದರೆ ಆ ನಗು ಕೆಲಸದ ಒಳಗಿನಿಂದಲೇ ಬಂದದ್ದು. ನಿನ್ನೆಯ ಕುಣಿತ, ಮೊನ್ನೆಯ ಪದ್ಯ, ಮಳೆ ಬಂದು ಆಟ ನಿಂತ ರಾತ್ರಿ, ಇವೇ ಅದರ ಸಾಮಗ್ರಿ. ಒಂದೇ ಕಷ್ಟವನ್ನು ಒಟ್ಟಿಗೆ ದಾಟಿದವರಿಗೆ ಮಾತ್ರ ಬರುವ ನಗು ಅದು. ಇನ್ನೂ ಒಂದು ಸಂಗತಿ: ಮಳೆಗಾಲದಲ್ಲಿ ಮೇಳ ನಿಂತರೂ ಇವರೇ ಕಲಾವಿದರು ತಾಳಮದ್ದಳೆಗೆ ಕೂರುತ್ತಾರೆ. ಅಲ್ಲಿ ವೇಷವಿಲ್ಲ, ಕುಣಿತವಿಲ್ಲ, ಬರೀ ಪದ್ಯ ಮತ್ತು ಮಾತು. ಎದುರಿನವನ ವಾದಕ್ಕೆ ಹೊಸ ವಾದ ಹೂಡಿ ಗೆಲ್ಲುವ ಸುಖಕ್ಕೆ ಇಡೀ ಸಂಜೆ ಕೂರುತ್ತಾರೆ. ತಾನು ಬಲ್ಲ ಕೆಲಸವನ್ನು ತನ್ನಷ್ಟೇ ಬಲ್ಲವರ ಎದುರು ಚೆನ್ನಾಗಿ ಮಾಡುವುದಕ್ಕಿಂತ ದೊಡ್ಡ ಸಂತೋಷ ದುಡಿಯುವ ಮನುಷ್ಯನಿಗೆ ಬೇರೆ ಇದೆಯೆಂದು ನನಗೆ ಅನಿಸುವುದಿಲ್ಲ.

ಈಗ ಆ ಮೂರನೆಯ ಪ್ರಶ್ನೆ, ತ್ರಾಣದ್ದು. ಮೇಳವನ್ನು ಬಂಗಾರದ ಚೌಕಟ್ಟಿನಲ್ಲಿ ತೂಗುಹಾಕಿದರೆ ಕಲಾವಿದರಿಗೆ ಅನ್ಯಾಯವಾಗುತ್ತದೆ. ಆರು ತಿಂಗಳ ನಿದ್ದೆಗೇಡು ಬೆನ್ನಿಗೆ, ಮಂಡಿಗೆ, ಹೊಟ್ಟೆಗೆ ಬಡಿಯುತ್ತದೆ. ಚಿಕ್ಕ ವೇಷದವರ ಸಂಬಳ ಚಿಕ್ಕದೇ. ತಿರುಗಾಟ ಮುಗಿದ ಮೇಲೆ ಕೆಲವರು ಚಿಕ್ಕಮೇಳ ಕಟ್ಟಿಕೊಂಡು ಸಂಜೆ ಮನೆಮನೆಗೆ ಹೋಗಿ ಕುಣಿಯುತ್ತಾರೆ, ಕೆಲವರು ಅಡುಗೆ ಕೆಲಸಕ್ಕೆ, ಹೋಟೆಲಿಗೆ ಹೋಗುತ್ತಾರೆ. ಮನಸ್ಸಿಟ್ಟು ದುಡಿಯುವವನ ಮನಸ್ಸನ್ನೇ ಬಂಡವಾಳ ಮಾಡಿಕೊಂಡು ಅವನ ಹೊಟ್ಟೆಯನ್ನು ಮರೆಯುವುದು ಎಲ್ಲ ಉದ್ಯೋಗದಲ್ಲೂ ನಡೆಯುವ ಅನ್ಯಾಯ. ಕಲೆ, ಶಿಕ್ಷಣ, ಶುಶ್ರೂಷೆಗಳಲ್ಲಿ ಅದು ಹೆಚ್ಚು. ಉಡುಪಿಯ ಯಕ್ಷಗಾನ ಕಲಾರಂಗ ಸಂಸ್ಥೆ 1975ರಲ್ಲಿ ಹುಟ್ಟಿ, ವೃತ್ತಿ ಕಲಾವಿದರ ವಿಮೆ, ಚಿಕಿತ್ಸೆ, ಮಕ್ಕಳ ಓದು ಎಂದು ಯೋಚಿಸಲು ತೊಡಗಿದ್ದು ಈ ಕಾರಣಕ್ಕೇ ನನಗೆ ದೊಡ್ಡ ಕೆಲಸವಾಗಿ ಕಾಣುತ್ತದೆ. ಕಲಾವಿದನಿಗೆ ಕೊಡುವ ಹಾರ, ಶಾಲು ಒಳ್ಳೆಯದೇ; ಅವನ ಮಗಳ ಕಾಲೇಜು ಶುಲ್ಕ ಇನ್ನೂ ಒಳ್ಳೆಯದು.

ಈ ಪಾಠ ಮೇಳಕ್ಕಷ್ಟೇ ಅಲ್ಲ. ಇವತ್ತು ಮಲ್ಪೆ-ಹಂಗಾರಕಟ್ಟೆಯ ಕಡೆ ಹಡಗು ಕಟ್ಟುವ ಕೆಲಸಕ್ಕೆ ಮತ್ತೆ ಜೀವ ಬಂದಿದೆ. ಸಾಲದಲ್ಲಿ ಸಿಕ್ಕಿಬಿದ್ದಿದ್ದ ತೆಬ್ಮಾ ಶಿಪ್‌ಯಾರ್ಡನ್ನು 2020ರಲ್ಲಿ ಕೊಚ್ಚಿನ್ ಶಿಪ್‌ಯಾರ್ಡ್ ಕೊಂಡ ಮೇಲೆ ಟಗ್ಗುಗಳು, ನಾರ್ವೆಯ ಕಂಪನಿಗೆ ಸರಕು ಹಡಗುಗಳು ಇಲ್ಲಿ ತಯಾರಾಗುತ್ತಿವೆ. ಮಣಿಪಾಲದಲ್ಲಿ ಸಾಫ್ಟ್‌ವೇರ್ ಕಚೇರಿಗಳಿವೆ. ನಮ್ಮ ಕಡೆಯ ಮಕ್ಕಳು ಇಂಥಲ್ಲಿ ಮೇಸ್ತ್ರಿಗಳಾಗಿ, ಸೂಪರ್‌ವೈಸರುಗಳಾಗಿ, ತಂಡನಾಯಕರಾಗಿ ನಾಲ್ಕು ಜನರಿಂದ ಕೆಲಸ ಮಾಡಿಸುವ ಜಾಗಕ್ಕೆ ಬರುತ್ತಿದ್ದಾರೆ. ಅವರಿಗೆ ನಾನು ಹೇಳುವುದು ಇಷ್ಟು. ನಿಮ್ಮ ಕೈಕೆಳಗಿನವರಿಗೆ ನಿಮ್ಮ ದನಿ ಕೇಳಿಸುವಷ್ಟು, ಅವರ ಉಸಿರು ನಿಮಗೆ ಕೇಳಿಸುವಷ್ಟು ಹತ್ತಿರ ಇರಿ. ಲಾಭವನ್ನೂ ನಷ್ಟವನ್ನೂ ಎದುರು ನಿಂತು ಹೇಳಿ. ಹೊಸಬ ತಪ್ಪಿದಾಗ ಮೊದಲು ಎತ್ತಿಕೊಳ್ಳಿ, ಆಮೇಲೆ ತಿದ್ದಿ. ದುಡಿಮೆಗೆ ತಕ್ಕ ಪಾಲು ಕೊಡಿ. ಇಷ್ಟು ಮಾಡಿದರೆ ನಗುವನ್ನು ನೀವು ಹೊರಗಿನಿಂದ ತರಬೇಕಾಗಿಲ್ಲ, ಅದನ್ನು ಅವರೇ ತರುತ್ತಾರೆ.