ಹೆಬ್ಬೆರಳಿನಿಂದ ಶುರು

"ಬದುಕಿ ಬಂದವನಿಗೆ ಹೆಣದ ಆಸನ ಯಾಕೋ?" ಎಂದಳು ಅಮ್ಮ.

ಎದೆಗೆ ಸ್ಟೆಂಟ್ ಹಾಕಿಸಿಕೊಂಡು ಮನೆಗೆ ಬಂದು ಹದಿನೈದು ದಿನವೂ ಆಗಿರಲಿಲ್ಲ. ಡಾಕ್ಟರ ಚೀಟಿಯಲ್ಲಿ ಐದು ಮಾತ್ರೆಗಳ ಹೆಸರಿನ ಕೆಳಗೆ ‘ಶವಾಸನ, ದಿನಕ್ಕೆ ಎರಡು ಸಲ, 20 ನಿಮಿಷ’ ಎಂದಿತ್ತು. ಔಷಧಿ ಅಂಗಡಿಯವನು ಆ ಸಾಲನ್ನೂ ಓದಿ, "ಇದು ನಮ್ಮಲ್ಲಿ ಸಿಗಲ್ಲ ಸಾರ್" ಎಂದು ನಕ್ಕಿದ್ದ. ಅಮ್ಮನಿಗೆ ಮಾತ್ರ ನಗು ಬರಲಿಲ್ಲ. ಮಂಚ ಇರುವಾಗ ನೆಲದ ಮೇಲೆ ಚಾಪೆ ಹಾಸಿ, ಕೈಕಾಲು ಚೆಲ್ಲಿ, ಕಣ್ಣು ಮುಚ್ಚಿ ಮಲಗುವುದು ಎಂಬತ್ತೆರಡು ವರ್ಷದ ಅವಳ ಕಣ್ಣಿಗೆ ಬೇರೆ ಏನನ್ನೂ ಹೋಲುತ್ತಿರಲಿಲ್ಲ. ಕೊನೆಗೆ ಒಂದು ರಾಜಿಯಾಯಿತು. ತಲೆ ಪೂರ್ವಕ್ಕಿರಬೇಕು, ಹೊದಿಕೆ ಬಿಳಿಯದಾಗಿರಬಾರದು, ಆ ಹೆಸರನ್ನು ಮನೆಯಲ್ಲಿ ಎತ್ತಬಾರದು. ಯಾರಾದರೂ ಫೋನ್ ಮಾಡಿದರೆ "ಅವನು ಸ್ವಲ್ಪ ಅಡ್ಡ ಆಗಿದಾನೆ" ಎನ್ನುವಳು. ಒಮ್ಮೆ ಪರಿಮಳವಿರಲಿ ಎಂದು ತಲೆಯ ಬಳಿ ಊದುಬತ್ತಿ ಹಚ್ಚಿಟ್ಟೆ. ಅವಳು ಕಿರುಚಿದ ರಭಸಕ್ಕೆ ನನ್ನ ರಕ್ತದೊತ್ತಡ ಎಷ್ಟಕ್ಕೆ ಏರಿತೋ, ಅಳೆಯುವ ಧೈರ್ಯವಾಗಲಿಲ್ಲ.

ಮಲಗುವುದರಲ್ಲಿ ಕಲಿಯುವುದೇನಿದೆ ಎಂದುಕೊಂಡಿದ್ದೆ. ಕೋಲಾರ ಜಿಲ್ಲೆಯ ಬೆಳ್ಳೂರಿನಲ್ಲಿ ಹುಟ್ಟಿ, ಮಲೇರಿಯಾ, ಟೈಫಾಯ್ಡ್, ಕ್ಷಯ ಎಲ್ಲವನ್ನೂ ಎಳೆಯ ವಯಸ್ಸಿನಲ್ಲೇ ಕಂಡ ಬಿ.ಕೆ.ಎಸ್. ಅಯ್ಯಂಗಾರ್ 1966ರ ತಮ್ಮ ‘ಲೈಟ್ ಆನ್ ಯೋಗ’ದಲ್ಲಿ, ನೋಡಲು ಸುಲಭವಾದ ಈ ಆಸನವೇ ಕೈವಶವಾಗಲು ಅತಿ ಕಷ್ಟವಾದವುಗಳಲ್ಲಿ ಒಂದು ಎಂದಿದ್ದಾರೆ. ಮೈಯನ್ನು ಬಿಲ್ಲಿನಂತೆ ಬಗ್ಗಿಸುತ್ತಿದ್ದವರ ಮಾತು ಇದು. ಮೊದಲ ವಾರ ನನಗೆ ಇದರ ಅರ್ಥ ಚೆನ್ನಾಗಿಯೇ ಆಯಿತು. ಕಣ್ಣು ಮುಚ್ಚಿದೊಡನೆ ಕೇಳುತ್ತಿದ್ದುದು ಒಂದೇ ಸದ್ದು: ಕಿವಿಯೊಳಗೆ ಡಬ್ ಡಬ್ ಎನ್ನುವ ನನ್ನದೇ ಎದೆ. ಹೃದಯ ಒಮ್ಮೆ ಕೈಕೊಟ್ಟವನು ಮುಂದೆ ಅದರ ಕಾವಲುಗಾರನಾಗುತ್ತಾನೆ. ಈ ಬಡಿತ ಸರಿಯಿದೆಯೇ? ಆ ಚಳುಕು ಗ್ಯಾಸೋ ಅಥವಾ ಅದೋ? ರಾತ್ರಿ ಮೂರು ಗಂಟೆಗೆ ಎದ್ದು ಕೂತು ಲೆಕ್ಕ ಹಾಕುತ್ತಿದ್ದವನಿಗೆ ಈಗ ಹಗಲಲ್ಲೂ ಎರಡು ಪಾಳಿ ಸೇರಿದಂತಾಯಿತು. ಇಪ್ಪತ್ತು ನಿಮಿಷ ಮುಗಿಯುವಷ್ಟರಲ್ಲಿ ಬೆವರು ಬಂದಿರುತ್ತಿತ್ತು.

ದಾರಿ ಸಿಕ್ಕಿದ್ದು ಕಾಲ ಹೆಬ್ಬೆರಳಿನಲ್ಲಿ. "ಎದೆಯ ಹತ್ತಿರ ಹೋಗಲೇಬೇಡಿ, ಬಲಗಾಲ ಹೆಬ್ಬೆರಳಿನಿಂದ ಶುರು ಮಾಡಿ" ಎಂದರು ಡಾಕ್ಟರು. ಹೆಬ್ಬೆರಳನ್ನು ಬಿಗಿದು ಬಿಡುವುದು. ಆಮೇಲೆ ಪಾದ, ಮೀನಖಂಡ, ತೊಡೆ. ಬಿಗಿಯುವಾಗ ಉಸಿರು ಕಟ್ಟಬಾರದು, ಹೃದಯದವರಿಗೆ ಅದು ಸಲ್ಲದು. ಅಮೆರಿಕದ ಎಡ್ಮಂಡ್ ಜೇಕಬ್ಸನ್ ಎಂಬ ವೈದ್ಯ ಹೀಗೆ ಸ್ನಾಯು ಸ್ನಾಯುವಾಗಿ ಬಿಗಿದು ಸಡಿಲಿಸುವ ಕ್ರಮವನ್ನು ವರ್ಷಗಟ್ಟಲೆ ಪರೀಕ್ಷಿಸಿ 1929ರಲ್ಲಿ ಪುಸ್ತಕವನ್ನೇ ಬರೆದ. ಬಿಗಿದು ಬಿಟ್ಟಾಗಲೇ ಅಲ್ಲಿ ಮೊದಲೇ ಬಿಗಿತವಿತ್ತು ಎಂದು ತಿಳಿಯುವುದು. ಮೂವತ್ತೆರಡು ವರ್ಷ ಬ್ಯಾಂಕಿನ ಕೌಂಟರಿನಲ್ಲಿ ಕೂತ ನನ್ನ ಮೈಯ ಲೆಡ್ಜರು ಹೀಗೆ ಒಂದೊಂದೇ ಪುಟ ತೆರೆಯಿತು. ಸಿಟ್ಟೆಲ್ಲ ದವಡೆಯ ಖಾತೆಯಲ್ಲಿ ಜಮೆಯಾಗಿತ್ತು. ನಾಲಿಗೆ ಅಂಗುಳಿಗೆ ಅಂಟಿಕೊಂಡು, ಹೇಳದೆ ನುಂಗಿದ ಉತ್ತರಗಳನ್ನು ಹಿಡಿದುಕೊಂಡಿತ್ತು. ಭುಜಗಳಂತೂ ಯಾರೋ ಹೊಡೆಯಲು ಬರುತ್ತಿದ್ದಾರೆ ಎಂಬಂತೆ ಕಿವಿಯ ತನಕ ಬಂದು ನಿಂತಿದ್ದವು.

ಈಗ ಇದರಲ್ಲಿ ನನಗೆ ಕಸುಬುದಾರನ ಖುಷಿಯಿದೆ. ನಮ್ಮದು ಮೈಸೂರಿನ ಹಳೇ ಮನೆ, ರೆಡ್ ಆಕ್ಸೈಡ್ ನೆಲ. ಬೆಳಗಿನ ಹನ್ನೊಂದಕ್ಕೆ ಅದರ ತಂಪು ಚಾಪೆ ದಾಟಿ ಬೆನ್ನಿಗೆ ಇಳಿಯುವ ಕ್ಷಣಕ್ಕಾಗಿ ಕಾಯುತ್ತೇನೆ. ಪಾದ ಹೊರಕ್ಕೆ ವಾಲಿ, ಅಂಗೈ ತಾನಾಗಿ ಮೇಲಕ್ಕೆ ತಿರುಗಿ, ಬೆರಳು ಅರೆ ಮಡಿಸಿಕೊಳ್ಳುತ್ತವೆ. ಆಮೇಲೆ ಉಸಿರು. ಒಳಕ್ಕೆ ಎಳೆಯುವಾಗ ನಾಡಿ ತುಸು ಚುರುಕು, ಬಿಡುವಾಗ ನಿಧಾನ. ಮೆದುಳಿನ ಬುಡದಿಂದ ಎದೆ, ಹೊಟ್ಟೆಗೆ ಇಳಿಯುವ ವೇಗಸ್ ನರ ನಡೆಸುವ ಆಟವದು. ಬಿಡುವ ಉಸಿರನ್ನು ಉದ್ದ ಮಾಡಿದರೆ ಆ ನಿಧಾನವೂ ಉದ್ದವಾಗುತ್ತದೆ. ಮಣಿಕಟ್ಟಿನ ಮೇಲೆ ಬೆರಳಿಟ್ಟು ಅದನ್ನು ಹಿಡಿದ ದಿನ, ಗಾಳಿಪಟ ಮೊದಲ ಸಲ ಮೇಲೆದ್ದಾಗಿನ ಹುಡುಗನಾಗಿದ್ದೆ.

ಇದರಿಂದ ಕಾಯಿಲೆ ಹೋಯಿತೇ ಎಂದು ಕೇಳುವವರಿದ್ದಾರೆ. ಇಲ್ಲ. ಮುಚ್ಚಿದ್ದ ರಕ್ತನಾಳ ತೆರೆದದ್ದು ಸ್ಟೆಂಟು, ಅದನ್ನು ತೆರೆದಿಟ್ಟಿರುವುದು ಮಾತ್ರೆ. 1969ರಷ್ಟು ಹಿಂದೆಯೇ ಮುಂಬೈನ ಡಾ. ಕೆ.ಕೆ. ದಾತೆ ಮತ್ತು ಸಂಗಡಿಗರು ರಕ್ತದೊತ್ತಡದ ರೋಗಿಗಳಿಗೆ ಶವಾಸನ ಕಲಿಸಿ, ಒತ್ತಡ ಇಳಿದದ್ದನ್ನು ‘ಆಂಜಿಯಾಲಜಿ’ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ದಾಖಲಿಸಿದ್ದಾರೆ, ನಿಜ. ಆದರೆ ನಮ್ಮ ಡಾಕ್ಟರು ಮೊದಲ ದಿನವೇ ಬೆರಳೆತ್ತಿ ಹೇಳಿದ್ದರು: "ಎದೆ ನೋವು ಬಂದರೆ ಚಾಪೆ ಹುಡುಕಬೇಡಿ, ಆಟೋ ಹುಡುಕಿ." ನನಗೆ ಕಡಿಮೆಯಾದದ್ದು ಕಾವಲಿನ ಕೆಲಸ. ಅದೇ ಡಬ್ ಡಬ್ ಈಗಲೂ ಕೇಳುತ್ತದೆ. ಪಕ್ಕದ ಕೋಣೆಯಲ್ಲಿ ಯಾರೋ ಓಡಾಡಿಕೊಂಡಿದ್ದಾರೆ, ಇರಲಿ ಎನಿಸುತ್ತದೆ. ರಾತ್ರಿಯ ಮೂರು ಗಂಟೆಯನ್ನು ನೋಡಿ ಎಷ್ಟೋ ದಿನವಾಯಿತು.

1979ರಲ್ಲಿ ಮ್ಯಾಸಚೂಸೆಟ್ಸಿನ ಆಸ್ಪತ್ರೆಯೊಂದರಲ್ಲಿ ಜಾನ್ ಕಬಟ್-ಝಿನ್ ಎಂಬಾತ ವಾಸಿಯಾಗದ ನೋವಿನವರನ್ನು ಕೂಡಿಸಿಕೊಂಡು ಕೆಲವು ವಾರಗಳ ಪಾಠ ಶುರು ಮಾಡಿದ. ಆ ಪಾಠದಲ್ಲೂ ಮಲಗಿ ಮೈಯನ್ನು ಬೆರಳಿನಿಂದ ನೆತ್ತಿಯವರೆಗೆ ಗಮನಿಸುವುದಿದೆ, ಒಂದೇ ಒಂದು ಒಣದ್ರಾಕ್ಷಿಯನ್ನು ನೋಡಿ, ಮೂಸಿ, ನಾಲಿಗೆಯ ಮೇಲಿಟ್ಟು ನಿಧಾನವಾಗಿ ತಿನ್ನುವುದೂ ಇದೆ. ಪಾಯಸ ನಿಷಿದ್ಧವಾಗಿದ್ದ ಯುಗಾದಿಯ ದಿನ ನಾನೂ ಒಂದು ದ್ರಾಕ್ಷಿ ಹಿಡಿದು ಕೂತೆ. ಐದು ನಿಮಿಷ ನೋಡಿದ ಅಮ್ಮ, "ಹಲ್ಲು ನೋಯ್ತಿದೆಯೇನೋ?" ಎಂದಳು. ದ್ರಾಕ್ಷಿಯಲ್ಲಿ ನಾನು ಅಂಥದ್ದೇನೂ ಕಾಣಲಿಲ್ಲ. ಸದ್ದುಗಳು ನನಗೆ ಹೆಚ್ಚು ಒಲಿಯುತ್ತವೆ. ಸೊಪ್ಪಿನವಳ ಕೂಗು ತಿರುವಿನಲ್ಲಿ ಕರಗುವುದು, ಫ್ಯಾನಿನ ಒಂದು ರೆಕ್ಕೆಗೆ ಮಾತ್ರ ಇರುವ ಕೊರಗು, ಒಗ್ಗರಣೆಗೆ ಸಾಸಿವೆ ಸಿಡಿದು ಇಂಗು ಬೀಳುವ ಮೊದಲಿನ ಚಿಕ್ಕ ಮೌನ. ಅಡುಗೆಮನೆಯಿಂದ "ಎಷ್ಟು ಕೂಗ್ತೋ ಕುಕ್ಕರು?" ಎಂಬ ಪ್ರಶ್ನೆ ಬಂದರೆ ಕಣ್ಣು ತೆರೆಯದೆ "ಎರಡು" ಎನ್ನುತ್ತೇನೆ. ಈ ಆಸನದಿಂದ ಆದ ಒಂದೇ ಲಾಭವೆಂದು ಅಮ್ಮ ಒಪ್ಪಿಕೊಂಡಿರುವುದು ಇದನ್ನು.

ಹೋದ ವಾರ ಅವಳೇ ಬಂದು ಪಕ್ಕದಲ್ಲಿ ಇನ್ನೊಂದು ಚಾಪೆ ಬಿಡಿಸಿದಳು. ಮಂಡಿ ನೋವಂತೆ. "ಎಲ್ಲಿಂದೋ ಶುರು? ಹೆಬ್ಬೆರಳಿಂದಾನಾ?" ಎಂದಳು. ತಲೆ ಪೂರ್ವಕ್ಕಿದೆಯೇ ಎಂದು ಎರಡು ಸಲ ನೋಡಿಕೊಂಡು, ಸೆರಗನ್ನು ಕಣ್ಣ ಮೇಲೆ ಎಳೆದುಕೊಂಡಳು. ನಾನು ಗುರುವಿನ ಗತ್ತಿನಲ್ಲಿ ಬಲಗಾಲ ಹೆಬ್ಬೆರಳು, ಪಾದ, ಕಣಕಾಲು ಎಂದು ಹೇಳುತ್ತ ಮೀನಖಂಡಕ್ಕೆ ಬರುವಷ್ಟರಲ್ಲಿ ಗೊರಕೆ ಕೇಳಿಸಿತು. ಅವಳ ಉಸಿರಿನ ಜೊತೆಗೇ ನನ್ನದೂ ಉದ್ದವಾಗುತ್ತ ಹೋಯಿತು.

ಆ ಮಧ್ಯಾಹ್ನ ಕುಕ್ಕರು ಎಷ್ಟು ಕೂಗಿತೋ ಇಬ್ಬರಿಗೂ ಗೊತ್ತಿಲ್ಲ. ಬೇಳೆ ತಳ ಹಿಡಿದ ವಾಸನೆಗೆ ಪಕ್ಕದ ಮನೆಯವರು ಬಂದು ಬಾಗಿಲು ಬಡಿದರು.