ತ್ಸುಮಾಗೊದಿಂದ ಚಿಕ್ಕಪ್ಪನಿಗೆ

ತೀರ್ಥರೂಪರಾದ ಚಿಕ್ಕಪ್ಪನವರಿಗೆ,

ಮಗೊಮೆ ಎಂಬ ಊರಿನಿಂದ ಕಾಡಿನ ಹಳೆ ಹಾದಿಯಲ್ಲಿ ಎಂಟು ಕಿಲೋಮೀಟರ್ ನಡೆದು ತ್ಸುಮಾಗೊಕ್ಕೆ ಬಂದಿದ್ದೇವೆ. ಹಿಂದೆ, ಈಗಿನ ಟೋಕಿಯೊದಿಂದ ಕ್ಯೋಟೊಗೆ ಬೆಟ್ಟಗಳ ನಡುವೆ ಹೋಗುತ್ತಿದ್ದ ನಕಸೆಂದೊ ರಸ್ತೆಯಲ್ಲಿ 69 ತಂಗುದಾಣಗಳಿದ್ದವು. ಇದು 42ನೆಯದು.

ಇಲ್ಲಿನ ಒಕುಯಾ ಎಂಬ ಮನೆಯನ್ನು ನೀವು ನೋಡಲೇಬೇಕಿತ್ತು. 1877ರಲ್ಲಿ ಕಟ್ಟಿದ್ದು, ಪೂರಾ ಹಿನೋಕಿ ಮರದ್ದು. ಅದಕ್ಕೂ ಮೊದಲು ಇಲ್ಲಿಯವರು ತಮ್ಮದೇ ಕಾಡಿನ ಹಿನೋಕಿ ಕಡಿಯುವಂತಿರಲಿಲ್ಲ. ಒಂದು ಮರ ಬಿದ್ದರೆ ಒಂದು ತಲೆ ಉರುಳುತ್ತದೆ ಎಂಬಷ್ಟು ಬಿಗಿ ಕಟ್ಟಳೆ. ಮೇಜಿ ಚಕ್ರವರ್ತಿಯ ಆಳ್ವಿಕೆಯಲ್ಲಿ ಅದು ಸಡಿಲವಾದ ಮೇಲೆ ಮನೆಯವರು ಆಸೆ ತೀರುವಷ್ಟು ಹಿನೋಕಿ ಬಳಸಿದ್ದಾರೆ. ನಡುಮನೆಯ ನೆಲದಲ್ಲೇ ಒಲೆಗುಂಡಿ ಇದೆ, ಈಗಲೂ ಅಲ್ಲಿ ಬೆಂಕಿ ಉರಿಸುತ್ತಾರೆ. ಹೊಗೆ ಕುಡಿದ ತೊಲೆಗಳು ನಮ್ಮ ಅಡುಗೆಮನೆ ಅಟ್ಟದ ಹಾಗೆ ಕಪ್ಪಗೆ ಮಿರುಗುತ್ತವೆ. ಹೊಗೆ ಇದ್ದರೆ ಹುಳ ಹಿಡಿಯುವುದಿಲ್ಲ ಎಂದು ನೀವು ಹೇಳುವುದನ್ನೇ ಇವರೂ ಹೇಳುತ್ತಾರೆ. ಮರದ ಜಾಲರಿ ಕಿಟಕಿಯಿಂದ ಬಿಸಿಲು ಆ ಹೊಗೆಯೊಳಗೆ ಪಟ್ಟಿಪಟ್ಟಿಯಾಗಿ ಇಳಿಯುತ್ತಿತ್ತು. ನಾನು ಅಲ್ಲೇ ಚಾಪೆಯ ಮೇಲೆ ಬಹಳ ಹೊತ್ತು ಕೂತುಬಿಟ್ಟೆ.

ಈ ಊರು ಹಳೆಯ ರೂಪದಲ್ಲೇ ಉಳಿದದ್ದಕ್ಕೆ ಮೊದಲ ಕಾರಣ ಬಡತನ. 1911ರಲ್ಲಿ ಪೂರ್ತಿಯಾದ ಚೂಒ ರೈಲು ಮಾರ್ಗ ಕಿಸೊ ನದಿಯ ಗುಂಟ ಹೋಯಿತು, ಊರು ಪಕ್ಕದ ಕಣಿವೆಯಲ್ಲಿ ಒಂಟಿಯಾಯಿತು. ವ್ಯಾಪಾರ ನಿಂತಿತು, ಹುಡುಗರು ಪಟ್ಟಣ ಸೇರಿದರು. ಹೊಸ ಮನೆ ಕಟ್ಟಲು ಯಾರ ಕೈಯಲ್ಲೂ ಕಾಸಿರಲಿಲ್ಲ.

ಆದರೆ ಬಡತನದಿಂದ ಉಳಿದದ್ದು ಸೋರುವ ಮಾಡು, ವಾಲಿದ ಗೋಡೆ ಅಷ್ಟೇ. ಮುಂದಿನದನ್ನು ಮಾಡಿದವರು ಊರವರು. 1968ರಲ್ಲಿ ‘ತ್ಸುಮಾಗೊವನ್ನು ಪ್ರೀತಿಸುವವರ ಸಂಘ’ ಕಟ್ಟಿಕೊಂಡರು. ಟೋಕಿಯೊ ವಿಶ್ವವಿದ್ಯಾಲಯದ ಪ್ರೊಫೆಸರ್ ಓತಾ ಹಿರೊತಾರೊ ಮಾರ್ಗದರ್ಶನದಲ್ಲಿ, ಪ್ರಾಂತ ಸರ್ಕಾರದ ನೆರವಿನಿಂದ ಮನೆಗಳ ದುರಸ್ತಿ ಶುರುವಾಯಿತು. ನೋಡಲು ಜನ ಬರತೊಡಗಿದರು. ಜನ ಬಂದರೆ ಹಿಂದೆಯೇ ಹೊರಗಿನ ದುಡ್ಡೂ ಬರುತ್ತದಲ್ಲ! 1971ರಲ್ಲಿ ಊರವರು ಕೂತು ಕಟ್ಟು ಹಾಕಿಕೊಂಡರು: ಮಾರುವುದಿಲ್ಲ, ಬಾಡಿಗೆಗೆ ಕೊಡುವುದಿಲ್ಲ, ಕೆಡವುವುದಿಲ್ಲ. ಮನೆ ಮಾತ್ರವಲ್ಲ, ಗದ್ದೆ, ಕಾಡು ಎಲ್ಲಕ್ಕೂ ಈ ಮಾತು. ಊರಿನ ಸಾಲುಮನೆಗಳನ್ನು ಒಟ್ಟಾಗಿ ಕಾಪಾಡುವ ಕಾನೂನು ದೇಶಕ್ಕೆ ಬಂದದ್ದೇ 1975ರಲ್ಲಿ. ಮರುವರ್ಷ ಸರ್ಕಾರ ಮೊದಲ ಸಲ ಆರಿಸಿದ ಏಳು ಪ್ರದೇಶಗಳಲ್ಲಿ ಇದೂ ಒಂದು.

ಊರವರ ಆ ಮೂರು ಮಾತಿನಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ನಡುವಿನದು. ಮಾರದಿರಲು ಮಮತೆ ಸಾಕು. ದುಡ್ಡು ಎಣಿಸಿ ಕೊಡುವ ಬಾಡಿಗೆದಾರ ಬಾಗಿಲಲ್ಲಿ ನಿಂತಿರುವಾಗ ಬೇಡ ಎನ್ನಲು ಇಡೀ ಊರಿನ ಬೆಂಬಲ ಬೇಕು. ಇಲ್ಲಿ ಬೋರ್ಡು ಹಾಕುವುದಕ್ಕೂ ಕಿಟಕಿ ಬದಲಿಸುವುದಕ್ಕೂ ಊರ ಸಮಿತಿಯನ್ನು ಕೇಳಬೇಕು. ಕರೆಂಟ್ ಕಂಬಗಳು ಮನೆಗಳ ಹಿಂದೆ ಹೋಗಿವೆ, ಹಗಲು ಹೊತ್ತು ಬೀದಿಗೆ ಕಾರು ಬರುವಂತಿಲ್ಲ. ಇದೆಲ್ಲ ಅಲ್ಲೇ ಬದುಕುವವರಿಗೆ ದಿನನಿತ್ಯದ ತೊಂದರೆಯೇ, ಅದನ್ನು ಅವರು ಐದು ದಶಕದಿಂದ ಹೊತ್ತಿದ್ದಾರೆ.

ಕೆಲವು ಮನೆಗಳ ಮಾಡಿಗೆ ಹೆಂಚಿಲ್ಲ. ತೆಳು ಹಲಗೆ ಹೊದಿಸಿ, ಗಾಳಿಗೆ ಹಾರದಂತೆ ಕಲ್ಲು ಹೇರಿದ್ದಾರೆ. ಫೋಟೊ ಕಳಿಸುತ್ತೇನೆ, ಸಂದುಕಟ್ಟು ದೊಡ್ಡದು ಮಾಡಿ ನೋಡಿ.

ಒಂದು ವಿಷಯ ಕೇಳಬೇಕಿತ್ತು. ಹಳೆ ಸಾಮಾನಿನ ವ್ಯಾಪಾರಿ ನಮ್ಮ ಜಗಲಿಯ ಹಲಸಿನ ಮುಂಡಿಗೆಗಳಿಗೆ ಬೆಲೆ ಕಟ್ಟಿ ಹೋದನೆಂದು ಅಮ್ಮ ಫೋನಿನಲ್ಲಿ ಹೇಳಿದಳು. ಮನೆ ಸೋರುತ್ತದೆ, ಒಬ್ಬರ ಕೈಯಲ್ಲಿ ಆಗುವ ಕೆಲಸವಲ್ಲ, ಎಲ್ಲ ಗೊತ್ತು. ಚೌತಿಗೆ ಅಣ್ಣತಮ್ಮಂದಿರೆಲ್ಲ ಸೇರುತ್ತೀರಲ್ಲ, ಅಲ್ಲಿಯವರೆಗೆ ಅವನಿಗೆ ಮಾತು ಕೊಡಬೇಡಿ, ಮುಂಗಡವನ್ನೂ ತೆಗೆದುಕೊಳ್ಳಬೇಡಿ. ಮಾಡಿನ ಖರ್ಚಿನಲ್ಲಿ ನನ್ನ ಪಾಲು ಎಷ್ಟು ಬರುತ್ತದೆಂದು ಆಚಾರರಿಂದ ಲೆಕ್ಕ ಹಾಕಿಸಿ ತಿಳಿಸಿ. ಚಿಕ್ಕಮ್ಮನಿಗೆ ನಮಸ್ಕಾರ ಹೇಳಿ.

ನಿಮ್ಮ ಮಗಳಂತಿರುವ,
ಸುಮಾ